ಭಾವನ ಅಂಗಡಿಯ ಗಾಜಿನ ಮೇಲಿನ ಕೂದಲು

ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದ ಅವಳಿಗೆ ಎರಡನೆಯ ಹೆರಿಗೆಯಾಗಿ ಮೂರು ತಿಂಗಳಿಗೆ ಕೂದಲು ಮುಷ್ಟಿ ಮುಷ್ಟಿ ಉದುರತೊಡಗಿತು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಕೂದಲು, ಮಗುವಿನ ಬೆರಳಸಂದಿಯಲ್ಲಿ ಕೂದಲು, ಗಂಡನ ತಟ್ಟೆಯಲ್ಲೂ ಕೂದಲು. ಆಗ ಫ್ಯಾನ್ಸಿ ಅಂಗಡಿ ಇಟ್ಟಿದ್ದ ಅಕ್ಕನ ಗಂಡ ಒಂದು ಶಾಂಪೂ ಬಾಟಲಿ ಕೊಟ್ಟು, “ಒಂದು ಫೋಟೋ ತೆಗೆದಿಟ್ಕೋತೀನಮ್ಮ, ಮುಂದೆ ಹೋಲಿಸಿ ನೋಡೋಕೆ” ಎಂದ. ಪಾಪ, ಭಾವನಿಗೆ ಎಷ್ಟು ಕಾಳಜಿ ಎಂದುಕೊಂಡಳು. ಶಾಂಪೂವಿನ ಘಾಟಿಗೆ ಮಗು ಸೀನತೊಡಗಿದ್ದರಿಂದ ಎರಡು ಸಲ ತಲೆಗೆ ಹಾಕಿ, ಮಿಕ್ಕಿದ್ದರಲ್ಲಿ ಉಣ್ಣೆಯ ಸ್ವೆಟರುಗಳನ್ನು ಒಗೆದಳು.

ಮಗು ನಡೆಯಲು ಕಲಿಯುವಷ್ಟರಲ್ಲಿ ಕೂದಲು ತಾನಾಗಿಯೇ ಬಂತು. ಭಾವ ಮತ್ತೊಂದು ಫೋಟೋ ತೆಗೆದ. ಮರುವಾರ ಅವಳ ಎರಡೂ ಮುಖಗಳು ಅಂಗಡಿಯ ಗಾಜಿನ ಮೇಲೆ ಆಳೆತ್ತರಕ್ಕೆ ನಿಂತಿದ್ದವು. ನಡುವೆ ಬಾಟಲಿ, ಕೆಳಗೆ ‘ತೊಂಬತ್ತೇ ದಿನ’. ನೆಂಟಸ್ತಿಕೆಯಲ್ಲಿ ಜಗಳವೇಕೆಂದು ಅವಳು ಸುಮ್ಮನಾದಳು. ಅದೇ ತಪ್ಪಾಯಿತು.

ನಾಲ್ಕು ತಿಂಗಳ ಬಾಣಂತಿಯಾಗಿದ್ದ ತಂಗಿ ಆ ಚಿತ್ರ ನಂಬಿ ಬೆಳಿಗ್ಗೆ ಸಂಜೆ ಅದೇ ಶಾಂಪೂ ತಿಕ್ಕಿದಳು. ನೆತ್ತಿಯೆಲ್ಲ ಕೆಂಪೇರಿ, ಹಕ್ಕಳೆಗಟ್ಟಿ, ದಿಂಬಿಗೆ ತಲೆಯಿಡಲಾರದೆ ಕೂತೇ ತೂಕಡಿಸುತ್ತಿದ್ದಳು. “ನಿಂಗೆ ಬಂತಲ್ಲಕ್ಕ, ನಂಗ್ಯಾಕೆ ಹಿಂಗಾಯ್ತು?” ಎಂದು ಟೈಲರಮ್ಮನನ್ನು ಕೇಳಿದಳು.

ಟೈಲರಮ್ಮ ಹೋಗಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ನರ್ಸಮ್ಮನನ್ನು ವಿಚಾರಿಸಿದಳು. ಆಕೆ ನಕ್ಕುಬಿಟ್ಟಳು. “ಹೆತ್ತೋರಲ್ಲಿ ಎಷ್ಟೋ ಜನಕ್ಕೆ ಮೂರು ತಿಂಗಳಿಗೆ ಉದುರತ್ತೆ, ವರ್ಷ ತುಂಬೋದ್ರಲ್ಲಿ ವಾಪಸ್ ಬರತ್ತೆ. ಶಾಂಪೂ ಕೊಳೆ ತೆಗೆಯುತ್ತೆ ಕಣಮ್ಮ, ಕೂದಲು ಬೆಳೆಸಲ್ಲ. ಅದಕ್ಕೇ ಅಲ್ವಾ ನಿಮ್ಮ ಭಾವ ನಮ್ಮ ಬಾಗಿಲಲ್ಲೇ ನಿಂತು, ಮೂರು ತಿಂಗಳ ಕೂಸಿಗೆ ಚುಚ್ಚುಮದ್ದು ಹಾಕಿಸೋಕೆ ಬರೋ ತಾಯಂದಿರಿಗೇ ಕರಪತ್ರ ಹಂಚೋದು?”

ಮನೆಗೆ ಬಂದು ತಂಗಿಯ ಬಾಟಲಿ ತಿರುಗಿಸಿದಳು. ಮುಂದೆ ಬೆರಳುದ್ದದ ಅಕ್ಷರದಲ್ಲಿ ‘ದಟ್ಟ ಕೂದಲು’. ಹಿಂದೆ ಎಳ್ಳುಕಾಳಿನಷ್ಟು ಅಕ್ಷರದಲ್ಲಿ ‘ದಟ್ಟವಾಗಿ ಕಾಣಲು ಸಹಕಾರಿ’. ಸಪೂರ ಭುಜಕ್ಕೆ ಒಳಗೆ ಪ್ಯಾಡ್ ಇಟ್ಟು ಹೊಲಿದುಕೊಡುವವಳಿಗೆ ಮೋಸ ತಿಳಿಯಲು ಆ ‘ಕಾಣಲು’ ಒಂದೇ ಸಾಕಾಯಿತು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಮಗುವನ್ನು ಸೊಂಟಕ್ಕೇರಿಸಿ, ಗುಂಡಿ ಹಾಕಬೇಕಾದ ಅಂಗಿಗಳ ಗಂಟು ಹಿಡಿದು, ತನ್ನದೇ ಚಿತ್ರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತಳು.

“ಇದೇನಮ್ಮ ಇಲ್ಲಿ?” ಎಂದ ಭಾವ.

“ಗಾಜಿನ ಮೇಲೆ ಪುಕ್ಕಟೆ ನಿಂತೂ ನಿಂತೂ ಕಾಲು ನೋವು ಭಾವ. ಸ್ವಲ್ಪ ಕೂತ್ಕೋತೀನಿ.”

ಆ ಬಾಟಲಿಗೆ ಕೈಚಾಚಿದ ಪ್ರತಿ ಹೆಂಗಸಿಗೂ ನಯವಾಗಿ ಹೇಳಿದಳು: “ಫೋಟೋದವಳು ನಾನೇ. ನಾನು ಇದ್ರಲ್ಲಿ ಸ್ವೆಟರ್ ಒಗೆದೆ. ಸ್ವೆಟರಿಗೆ ತುಂಬ ಒಳ್ಳೇದು, ತಗೊಳ್ಳಿ.”

ಹೊರಗೆ ಕಳಿಸೋಣವೆಂದು ಭಾವ ನೋಡಿದರೆ, ಅಕ್ಕ ಅವಳಿಗೆ ಟೀ ತಂದುಕೊಟ್ಟು ಗಂಡನನ್ನೇ ದುರುಗುಟ್ಟಿ ನೋಡಿದಳು. ಮೂರನೆಯ ದಿನ ಭಾವ ಚಿತ್ರವನ್ನು ಪರಪರ ಹರಿದ.

“ಆಯ್ತಲ್ಲ, ಈಗ ಮನೆಗೆ ಹೋಗು ತಾಯಿ.”

“ಚಿತ್ರ ಹರಿದ್ರಿ, ಸರಿ. ತಂಗಿ ತಲೆ ಹಂಗೇ ಇದೆಯಲ್ಲ. ಅದು ವಾಸಿ ಆಗ್ಲಿ, ಹೋಗ್ತೀನಿ.”

ದಿನವೂ ಬಂದಳು. ಬಾಟಲಿಗಳ ಮೇಲೆ ಧೂಳು ಕೂತಿತು. ಭಾವ ತಾನೇ ತಂಗಿಯನ್ನು ಚರ್ಮದ ಡಾಕ್ಟರ ಬಳಿ ಕರೆದೊಯ್ದ, ಮುಲಾಮು ತಂದ, ಎರಡು ದಿನಕ್ಕೊಮ್ಮೆ ಹೇಗಿದೆಯೆಂದು ವಿಚಾರಿಸಿದ. ತನ್ನ ಜನ್ಮದಲ್ಲೇ ಅವನು ಯಾರ ತಲೆಯ ಬಗ್ಗೆಯೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಹದಿನೇಳನೆಯ ದಿನ ತಂಗಿಯನ್ನು ಕರೆತಂದು ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದ. ಟೈಲರಮ್ಮ ಹೊಲಿಗೆ ಪರೀಕ್ಷಿಸುವವಳಂತೆ ಎಳೆ ಎಳೆ ಬಿಡಿಸಿ ನೋಡಿದಳು. ನೆತ್ತಿ ಸರಿಯಾಗಿತ್ತು. ಹಿಂದಲೆ ಸರಿಯಾಗಿತ್ತು. ಎಡಗಿವಿಯ ಮೇಲೆ ಬೆರಳು ನಿಂತಿತು.

“ಇನ್ನೊಂದು ಹಕ್ಕಳೆ ಇದೆ ಭಾವ” ಎಂದು ಸ್ಟೂಲಿಗೆ ಮರಳಿ, ಸೂಜಿಗೆ ದಾರ ಪೋಣಿಸಿದಳು.