ನೀಲವ್ವ ಉಡಿ ತುಂಬಿದ ಸೋಮವಾರ

ಹೋದ ವರ್ಷದ ಸಂಕ್ರಾಂತಿಯಿಂದ ಈ ವರ್ಷದ ಸಂಕ್ರಾಂತಿಯವರೆಗೆ ನಡೆದ ಸಂಗತಿ ಇದು. ನಾನು ಧಾರವಾಡದವಳು. ಗಂಡನ ನೌಕರಿಯ ಬೆನ್ನು ಹತ್ತಿ ಗೋವಾಕ್ಕೆ ಬಂದೆ. ಮನೆಯಲ್ಲಿ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಮುರ್ಮುಗಾಂವ್ ಬಂದರಿನ ಕಡೆ ಒಂದು ಟ್ರಸ್ಟಿನವರು ಹಳೆಯ ಮನೆಯೊಂದರಲ್ಲಿ ನಡೆಸುವ ಸಣ್ಣ ಇತಿಹಾಸ ಮ್ಯೂಸಿಯಂನಲ್ಲಿ ಕೆಲಸಕ್ಕೆ ಸೇರಿಕೊಂಡೆ. ಮ್ಯೂಸಿಯಂ ಎಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ನಿರ್ದೇಶಕರು, ನಾನು, ಟಿಕೆಟ್ ಕೊಡುವವನು, ಕಸ ಗುಡಿಸುವಾಕೆ, ಇಷ್ಟೇ ಸಂಸಾರ. ಹೆಂಚು ಸೋರಿದರೂ ನನ್ನ ತಲೆಗೆ, ಶಾಲೆಯ ಮಕ್ಕಳು ಗೋಡೆಗೆ ಚೂಯಿಂಗ್ ಗಮ್ ಅಂಟಿಸಿ ಹೋದರೂ ನನ್ನ ತಲೆಗೆ.

ಆ ವರ್ಷ ನಾವು ಹೊಸದೊಂದು ಕೋಣೆ ತೆರೆಯುವವರಿದ್ದೆವು. ಗಣಿಯ ಅದಿರು ಹೊತ್ತವರ ಕೋಣೆ. ಈಗ ಯಂತ್ರಗಳು ಮಾಡುವ ಕೆಲಸವನ್ನು ಒಂದು ಕಾಲಕ್ಕೆ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮಾಡುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರು. ಕೋಣೆಯ ನಡುವೆ ಬುಟ್ಟಿ ಹೊತ್ತ ಹೆಂಗಸಿನ ಆಳೆತ್ತರದ ಗೊಂಬೆ ನಿಲ್ಲಿಸಬೇಕೆಂದು ಠರಾಯಿಸಿ, ಗಣಪತಿ ಮೂರ್ತಿ ಮಾಡುವ ಒಬ್ಬ ಕಲಾವಿದರಿಂದ ಫೈಬರಿನಲ್ಲಿ ಮಾಡಿಸಿದ್ದೆವು. ಬಲಗೈ ತಲೆಯ ಮೇಲಿನ ಬುಟ್ಟಿ ಹಿಡಿದಿತ್ತು, ಎಡಗೈ ಕೆಳಗೆ ಇಳಿಬಿದ್ದಿತ್ತು. ಕುಪ್ಪಸ ಬಣ್ಣದಲ್ಲೇ ಬರೆದದ್ದು. ಸೀರೆ ಮಾತ್ರ ನಿಜವಾದದ್ದೇ ಬೇಕು, ಅದೂ ಅಂಗಡಿಯ ಹೊಸ ಸೀರೆ ಬೇಡ, ದುಡಿದ ಹೆಂಗಸಿನ ಮನೆಯದೇ ಆಗಬೇಕು ಎಂದು ನಿರ್ದೇಶಕರು ಹಟ ಹಿಡಿದರು. ಅವರು ಗೋವಾದವರು, ವಯಸ್ಸಾದವರು, ಮಾತು ಕಡಿಮೆ. ಕನ್ನಡ ಬರುವವಳು ನಾನೊಬ್ಬಳೇ. ಹಾಗಾಗಿ ಸೀರೆ ಹುಡುಕುವ ಕೆಲಸವೂ ನನ್ನ ಪಾಲಿಗೆ ಬಂತು.

ಗುಡ್ಡದ ಮೇಲಿನ ವಸತಿಯಲ್ಲಿ ನೀಲವ್ವ ಸಿಕ್ಕಳು. ಅರವತ್ತು ದಾಟಿದ ಹೆಂಗಸು. ಹುಡುಗಿಯಾಗಿದ್ದಾಗ ಕುಡಚಡೆಯ ಹತ್ತಿರ ಹೊಳೆಯ ದಂಡೆಯಲ್ಲಿ ಬಾರ್ಜು ದೋಣಿಗಳಿಗೆ ಅದಿರು ತುಂಬಿದವಳು. ಚಹಾ ಕೊಟ್ಟಳು, ಹಳೆಯ ಸುದ್ದಿ ಹೇಳಿದಳು. ಸೀರೆಯ ಮಾತೆತ್ತಿದಾಗ ನಕ್ಕುಬಿಟ್ಟಳು.

“ಆಗಿನ ಸೀರಿ ಎಲ್ಲಿ ಉಳದಾವ್ರಿ ಅಕ್ಕಾರ? ಎಲ್ಲಾ ಕೌದ್ಯಾಗ ಹೋದುವು. ನೀವು ಕುಂತೀರಲ್ರಿ, ಅದಽ ನನ್ನ ಸೀರಿ.”

ನಾನು ಕೂತಿದ್ದ, ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿಯನ್ನು ಮುಟ್ಟಿ ನೋಡಿ ನಾನೂ ನಕ್ಕೆ. ಬರಿಗೈಲಿ ಹೊರಡುವವಳಿದ್ದೆ. ಆಕೆ ಏನೋ ಯೋಚಿಸಿ ಟ್ರಂಕು ತೆರೆದು, ತಳದಿಂದ ಒಂದು ನೀಲಿ ಇಳಕಲ್ ಸೀರೆ ತೆಗೆದಳು. ಕೆಂಪು ಸೆರಗು, ಅದರ ಮೇಲೆ ಅಂಗೈಯಷ್ಟು ಅರಿಶಿನದ ಕಲೆ.

“ಇದನ್ನ ಒಯ್ರಿ. ಒಗೀಬ್ಯಾಡ್ರಿ ಮಾತ್ರ.”

“ಇದು ನಿಮ್ಮದೇನ್ರಿ?”

“ನಮ್ಮ ಮನೀದಽ ಐತ್ರಿ,” ಎಂದಳು. ನಾನು ಹೆಚ್ಚು ಕೆದಕಲಿಲ್ಲ. ಕೆಲಸ ಆಯಿತಲ್ಲ ಎಂಬ ಖುಷಿಯಲ್ಲಿ ಗುಡ್ಡ ಇಳಿದೆ.

ಸಂಕ್ರಾಂತಿಯ ಮರುದಿನ ಕೋಣೆಯ ಉದ್ಘಾಟನೆ. ನೀಲವ್ವನನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ಪರದೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಎದ್ದು ಗೊಂಬೆಯ ಹತ್ತಿರ ಹೋಗಿ ಮೊದಲು ಹಣೆ ನೋಡಿದಳು, ಆಮೇಲೆ ಕೈ ನೋಡಿದಳು. ಉಪ್ಪಿಟ್ಟು, ಶಿರಾ ಏನನ್ನೂ ಮುಟ್ಟದೆ ಹೊರಟುಹೋದಳು. ಇಷ್ಟು ಮಂದಿಯ ನಡುವೆ ನಾಚಿಕೆಯಾಗಿರಬೇಕು ಎಂದುಕೊಂಡೆ.

ಆಮೇಲೆ ಆಕೆ ಆಗಾಗ ಬರತೊಡಗಿದಳು. ನಿಮಗೆ ಟಿಕೆಟ್ ಬೇಡ ಎಂದರೂ ಕೇಳದೆ ಟಿಕೆಟ್ ತೆಗೆಸಿಯೇ ಒಳಗೆ ಬರುವಳು. ಬೇರೆ ಯಾವ ಕೋಣೆಗೂ ಹೋಗುತ್ತಿರಲಿಲ್ಲ. ಗೊಂಬೆಯ ಮುಂದೆ ನಿಂತು, ಯಾರೂ ಇಲ್ಲದಾಗ ಸೀರೆಯ ನಿರಿಗೆ ಸರಿ ಮಾಡುವಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. “ನೀಲವ್ವಾರ, ಮುಟ್ಟಬಾರದ್ರಿ, ಬೋರ್ಡ್ ಹಾಕೀವಲ್ರಿ,” ಎಂದು ಎಷ್ಟು ಸಲ ಹೇಳಿದ್ದೆನೋ. “ಹೌದ್ರಿ, ಹೌದ್ರಿ,” ಎಂದು ಕೈಯನ್ನು ತನ್ನ ಸೆರಗಿನೊಳಗೆ ಎಳೆದುಕೊಳ್ಳುವಳು.

ಬೇಸಿಗೆಯ ಜನಜಂಗುಳಿ ಮುಗಿದು ಮಳೆಗಾಲ ಬಂತು. ಗೋವಾದ ಮಳೆಯಲ್ಲಿ ಮ್ಯೂಸಿಯಂ ನಡೆಸುವುದೆಂದರೆ ಬೂಷ್ಟಿನ ಜೊತೆ ಕುಸ್ತಿ ಹಿಡಿದಂತೆ. ಕಪಾಟು, ಕಾಗದ, ಚಪ್ಪಲಿ ಎಲ್ಲದಕ್ಕೂ ಬೂಷ್ಟು. ಆ ಸಲ ನಾಗರ ಪಂಚಮಿಗೆ ತವರಿಗೆ ಹೋಗಲು ನನಗೆ ರಜೆಯೂ ಸಿಗಲಿಲ್ಲ. ಧಾರವಾಡದ ಉಂಡಿ ತಪ್ಪಿತಲ್ಲ ಎಂದು ಮುಖ ಊದಿಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಉಂಡಿ ಮಾತ್ರ. ಪ್ರತಿ ಸಲ ತವರಿನಿಂದ ಹೊರಡುವಾಗ ಅವ್ವ ನಿಲ್ಲಿಸಿ, ಸೆರಗೊಡ್ಡಿಸಿಕೊಂಡು, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ ಉಡಿ ತುಂಬುವಾಗ ನನಗೆ ಬಸ್ಸಿನದೇ ಧ್ಯಾನ. “ಲಗೂ ಮಾಡವ್ವಾ,” ಎಂದು ಅವಸರ ಮಾಡುತ್ತಿದ್ದೆ. ಉಡಿಯ ಅಕ್ಕಿ ಬಸ್ಸಿನ ಸೀಟಿನ ತುಂಬ ಚೆಲ್ಲಿ, ಪಕ್ಕದವರು ನನ್ನ ಮುಖ ನೋಡುವುದು ಪ್ರತಿ ವರ್ಷದ ಕಥೆ.

ಪಂಚಮಿಯ ದಿನ ನೀಲವ್ವ ಮಳೆಯಲ್ಲಿ ತೋಯಿಸಿಕೊಂಡು ಬಂದಳು. ಮ್ಯೂಸಿಯಂನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಚೀಲದಿಂದ ಮೊದಲು ನನಗೆ ಶೇಂಗಾದ ಉಂಡಿ ಕೊಟ್ಟಳು. ಆಮೇಲೆ ಕಾಗದದಲ್ಲಿ ಸುತ್ತಿದ ಹಸಿರು ಗಾಜಿನ ಬಳೆ ತೆಗೆದಳು.

“ಈಕಿಗೆ ಇಡಸ್ರಿ ಅಕ್ಕಾರ.”

“ಗೊಂಬಿಗೆ ಯಾಕ್ರಿ ಬಳಿ?” ಎಂದೆ.

ಆಕೆ ನನ್ನನ್ನೇ ದಿಟ್ಟಿಸಿದಳು. “ಬರೇ ಹಣಿ, ಬರೇ ಕೈಲೆ ನಿಲ್ಲಿಸೀರಿ. ಬಂದವ್ರೆಲ್ಲಾ ಹಂಗಽ ನೋಡಿ ಹೊಂಟಾರ. ನನ್ನ ಮಗಳು ಗಂಡ ಸತ್ತಾಕಿ ಅಲ್ರಿ. ಗಂಡ ಇದ್ದಾಗಽ ಹೋದಾಕಿ.”

ಯಾವ ಮಗಳು ಎಂದು ಕೇಳಿದೆ. ಆಕೆ ಅಲ್ಲೇ ನೆಲದ ಮೇಲೆ ಕೂತು ಹೇಳಿದಳು. ಆ ಸೀರೆ ಆಕೆಯ ಮಗಳು ರೇಣವ್ವನದು. ಒಂದು ಪಂಚಮಿಗೆ ತವರಿಗೆ ಬಂದವಳು ಅದನ್ನು ಉಟ್ಟು, ಅರಿಶಿನದ ಕೈ ಸೆರಗಿಗೆ ಒರೆಸಿ, ಮುಂದಿನ ಪಂಚಮಿಗೂ ಇದನ್ನೇ ಉಡುತ್ತೇನೆ ಎಂದು ಅವ್ವನ ಟ್ರಂಕಿನಲ್ಲಿ ಬಿಟ್ಟು ಹೋಗಿದ್ದಳು. ಮುಂದಿನ ಪಂಚಮಿ ಆಕೆಗೆ ಬರಲಿಲ್ಲ. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾಗ ಸ್ಲ್ಯಾಬಿನ ಅಡಿ ಕೊಟ್ಟಿದ್ದ ಸೆಂಟ್ರಿಂಗ್ ಆಸರೆ ಕುಸಿಯಿತು. ಅಳಿಯ ಉಳಿದ. ಮಗಳು ಅದರ ಅಡಿ ಸಿಕ್ಕಳು.

“ದವಾಖಾನ್ಯಾಗ ಬಿಳೀ ಬಟ್ಯಾಗ ಹೊಲದು ಕೊಟ್ರು. ಬಿಚ್ಚಬ್ಯಾಡ್ರಿ, ನೋಡೂವಂಗಿಲ್ಲ ಅಂದ್ರು. ಗಂಡಸರು ಹಂಗಽ ಒಯ್ದು ಮಣ್ಣು ಮಾಡಿದ್ರು. ಮುತ್ತೈದಿ ಹೋದ್ರ ಮೈ ತೊಳದು, ಹಸರ ಸೀರಿ ಉಡಿಸಿ, ಬಳಿ ಇಡಿಸಿ, ಉಡಿ ತುಂಬಿ ಕಳಸೂದು ರೀತಿ ಅಲ್ರಿ? ಹಡದ ತಾಯಿ ನಾನು. ಒಂದ ಹನಿ ನೀರ ಸೈತ ಹಾಕಲಿಲ್ರಿ ಅಕ್ಕಾರ.”

ಎದ್ದು ಹೋಗಿ ನನ್ನ ಪರ್ಸಿನಲ್ಲಿದ್ದ ಕುಂಕುಮದ ಡಬ್ಬಿ ತಂದು ಆಕೆಯ ಕೈಗೆ ಕೊಟ್ಟೆ. ಗೊಂಬೆಯ ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ ಬಳೆ. ಇಳಿಬಿದ್ದ ಎಡಗೈಗೆ ಇಡಿಸಲು ಇಬ್ಬರೂ ನೋಡಿದೆವು. ಬೆರಳು ದಾಟಿ ಅಂಗೈಗೆ ಬಂದು ನಿಂತಿತು. ಬಳೆಗಾರ ಹುಡುಗಿಯರ ಕೈ ಒತ್ತುವ ಹಾಗೆ ನೀಲವ್ವ ಆ ಕೈಯನ್ನು ಮೆಲ್ಲಗೆ ಒತ್ತಿದಳು. ಫೈಬರಿನ ಕೈ ಎಲ್ಲಿ ಬಗ್ಗಬೇಕು? ಒಂದು ಬಳೆ ಚಟ್ಟನೆ ಒಡೆಯಿತು. ಆಕೆ ಬೆಚ್ಚಿ ಕೈ ತೆಗೆದಳು. ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡು, “ಬಿಡ್ರಿ ಅಕ್ಕಾರ, ಆಕೀ ಹಣ್ಯಾಗ ಬರದಿಲ್ಲ,” ಎಂದು ಅದೇ ಮಳೆಯಲ್ಲಿ ಹೋದಳು. ಉಳಿದ ಬಳೆಗಳು ನನ್ನ ಮೇಜಿನ ಮೇಲೆಯೇ ಉಳಿದವು. ಉಂಡಿ ನನ್ನ ಬಾಯಿಗೆ ಹೋಗಲಿಲ್ಲ.

ಮರುದಿನ ನಿರ್ದೇಶಕರು ಕುಂಕುಮ ನೋಡಿ ಇದೇನೆಂದು ಕೇಳಿದರು. ಬೈಸಿಕೊಳ್ಳಲು ತಯಾರಾಗಿಯೇ ನಾನು ಎಲ್ಲವನ್ನೂ ಹೇಳಿದೆ. ಅವರು ಗೊಂಬೆಯ ಎಡಗೈಯನ್ನು ಹಿಡಿದು ನೋಡಿದರು. ಕುಂಕುಮ ಇರಲಿ ಎಂದು ಕೊಂಕಣಿಯಲ್ಲಿ ಹೇಳಿ ತಮ್ಮ ಕೋಣೆಗೆ ಹೋದರು.

ಚವತಿ ಬಂತು, ದೀಪಾವಳಿ ಬಂತು. ಡಿಸೆಂಬರಿನಲ್ಲಿ ಪ್ರವಾಸಿಗರ ಗದ್ದಲ. ಅದು ಮುಗಿಯುತ್ತಿದ್ದಂತೆ ನನಗೆ ಹೊಸ ಸಂಕಟ ಶುರುವಾಯಿತು. ನಮ್ಮ ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಯನ್ನು ಒಂದು ವರ್ಷಕ್ಕಿಂತ ಹೆಚ್ಚು ಬೆಳಕಿನಲ್ಲಿ ಇಡುವ ಹಾಗಿಲ್ಲ. ಬಣ್ಣ ಹಾರುತ್ತದೆ, ನೂಲು ಸೋಲುತ್ತದೆ. ಇಳಿಸಿ, ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು, ಅದರ ಜಾಗಕ್ಕೆ ಬೇರೆಯದನ್ನು ಹಾಕಬೇಕು. ಇದನ್ನು ನೀಲವ್ವನಿಗೆ ಹೇಗೆ ಹೇಳಲಿ? ಇವತ್ತು, ನಾಳೆ ಎಂದು ಮುಂದೂಡುತ್ತಾ ಕೊನೆಗೆ ಗುಡ್ಡ ಹತ್ತಿದೆ.

ಒಲೆಯ ಮೇಲಿನ ಚಹಾ ಉಕ್ಕಿದರೂ ಆಕೆ ಎದ್ದೇಳಲಿಲ್ಲ.

“ವರ್ಷಾತೇನ್ರಿ?” ಎಂದಳು ಕೊನೆಗೆ. “ಬ್ಯಾರೇವ್ರ ಕೈಲೆ ಬಿಚ್ಚಸಬ್ಯಾಡ್ರಿ. ನಾನಽ ಬಿಚ್ಚತೇನಿ. ಆಮ್ಯಾಲೆ ಉಡಸೂದೂ ನಾನಽ ಉಡಸ್ತೇನಿ.”

ನಿರ್ದೇಶಕರಿಗೆ ಹೇಳಿದೆ. ಸೋಮವಾರ ಮ್ಯೂಸಿಯಂಗೆ ರಜೆ, ಅವತ್ತು ಬರಲಿ ಎಂದರು. ನಾನು ಕೇಳುವ ಮೊದಲೇ ಗೊಂಬೆ ಮಾಡಿದವರನ್ನು ಕರೆಸಿ, ಎಡಗೈಯನ್ನು ಕುಪ್ಪಸದ ತೋಳಿನ ಅಂಚಿಗೆ ಕೊಯ್ಯಿಸಿ, ತೆಗೆದು ಕೂರಿಸುವ ಹಾಗೆ ಮಾಡಿಸಿದರು. ಯಾರಿಗೂ ಕಾಣದ ಹಾಗೆ ಬಣ್ಣವನ್ನೂ ಬಳಿಸಿದರು.

ಸೋಮವಾರ ನೀಲವ್ವ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು. ಚೀಲದಲ್ಲಿ ಹೊಸ ಹಸಿರು ಸೀರೆ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಖಣ, ಒಂದು ಹಿತ್ತಾಳೆ ಬಟ್ಟಲು. ನಾನು ಕಿಟಕಿಯ ಪರದೆ ಎಳೆದೆ. ನಿರ್ದೇಶಕರು ಯಾರೂ ಹೇಳದೆಯೇ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕುರ್ಚಿ ಹಾಕಿಕೊಂಡು ಕೂತರು.

“ಮದ್ಲ ಬುಟ್ಟಿ ಇಳಸ್ರಿ,” ಎಂದಳು.

ಬುಟ್ಟಿಯನ್ನು ತಂತಿಯಿಂದ ಬಿಗಿದಿದ್ದೆವು. ಬಿಚ್ಚಿ ಕೆಳಗಿಟ್ಟೆ.

“ಒಂದ ವರ್ಷ ಹೊತ್ತು ನಿಂತೆಲ್ಲವ್ವಾ, ತಲಿ ನೋಯಲಿಲ್ಲೇನು?” ಎಂದು ಆಕೆ ಗೊಂಬೆಯ ನೆತ್ತಿ ಸವರಿದಳು. ನಾನು ಮುಖ ತಿರುಗಿಸಿಕೊಂಡೆ.

ನಿರಿಗೆ ಬಿಚ್ಚಿ, ಇಳಕಲ್ ಸೀರೆ ಮಡಚಿ ನನ್ನ ಕೈಗಿಟ್ಟಳು. ಬಟ್ಟಲಿನಲ್ಲಿ ಅರಿಶಿನದ ನೀರು ಮಾಡಿ, ಬಟ್ಟೆ ಅದ್ದಿ ಹಿಂಡಿ, ಮುಖ ಒರೆಸಿದಳು. ಕುತ್ತಿಗೆ, ತೋಳು, ಬೆನ್ನು, ಪಾದದ ಬೆರಳಿನ ಸಂದಿಗಳನ್ನೂ ಬಿಡಲಿಲ್ಲ. ಆ ಕೋಣೆಗೆ ನೀರು ತರಬಾರದು ಎಂಬ ಬೋರ್ಡ್ ಬರೆಸಿದವಳು ನಾನೇ. ಅವತ್ತು ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತವಳೂ ನಾನೇ. ಹಸಿರು ಸೀರೆಯನ್ನು ಆಕೆ ಉಡಿಸುವುದನ್ನು ನೋಡಬೇಕಿತ್ತು. ಒಂದು ನಿರಿಗೆ ಏರುಪೇರಾದರೂ ಬಿಚ್ಚಿ ಮತ್ತೆ ಹಿಡಿಯುತ್ತಿದ್ದಳು.

ಬಳೆ ಇಡಿಸಲು ಕೈ ತೆಗೆಯಬೇಕಾಗುತ್ತದೆ ಎಂದು ಅಂಜುತ್ತಲೇ ಹೇಳಿದೆ.

“ಆಕೀ ಕೈ ತಗ್ಯೂದು ನಾ ನೋಡಾಂಗಿಲ್ರಿ,” ಎಂದು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಳು. ನಾನು ಕೈ ಬಿಡಿಸಿ, ಪಂಚಮಿಯಂದು ಉಳಿದಿದ್ದ ಬಳೆಗಳನ್ನು ಏರಿಸಿ, ಮತ್ತೆ ಕೂರಿಸಿದೆ.

“ಆತೇನ್ರಿ?”

“ಆತ್ರಿ, ಹೊಳ್ಳಿ ನೋಡ್ರಿ.”

ಆಕೆ ಬಂದು ಆ ಕೈ ಹಿಡಿದು ಬಳೆಗಳನ್ನು ಮೇಲೆ ಕೆಳಗೆ ಆಡಿಸಿದಳು. ಬಳೆಯ ಸದ್ದು ಕೇಳಿ ಆಕೆಯ ಮುಖ ಒಂದಿಷ್ಟು ಅರಳಿತು. ಹಣೆಗೆ ಕುಂಕುಮ ಹಚ್ಚಿದಳು. ಗೊಂಬೆಯ ಸೆರಗನ್ನು ಮುಂದಕ್ಕೆ ತಂದು ನನ್ನ ಕೈಯಲ್ಲಿ ಹಿಡಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಖಣ. ಗಂಟು ಕಟ್ಟಿ ಟೊಂಕಕ್ಕೆ ಸಿಗಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ತವರಿನಿಂದ ಹೊರಟ ಮಗಳಿಗೆ ನಮ್ಮಲ್ಲಿ ಯಾವ ತಾಯಿಯೂ ‘ಹೋಗು’ ಎನ್ನುವುದಿಲ್ಲ. ‘ಹೋಗಿ ಬಾ’ ಎಂದೇ ಕಳಿಸುವುದು. ನೀಲವ್ವ ಬಾಯಿ ತೆರೆದಳು, ತಡೆದಳು. ಆಮೇಲೆ ಗೊಂಬೆಯ ಗಲ್ಲ ಹಿಡಿದು, “ಹೋಗವ್ವಾ ರೇಣವ್ವಾ… ಇನ್ನ ಹೋಗು,” ಎಂದಳು.

ಅಷ್ಟು ಅಂದದ್ದೇ ತಡ, ಆಕೆ ಕುಸಿದು ಕೂತು ಅತ್ತಳು. ಆ ಒಂದು ವರ್ಷದಲ್ಲಿ ನಾನು ಆಕೆ ಅಳುವುದನ್ನು ನೋಡಿದ್ದು ಅದೇ ಮೊದಲು. ತಬ್ಬಿಕೊಂಡು ನಾನೂ ಅತ್ತೆ. ಬಾಗಿಲ ಆಚೆ ನಿರ್ದೇಶಕರು ಕೆಮ್ಮಿದ್ದು ಕೇಳಿಸಿತು. ಅವರೂ ಅಳುತ್ತಿದ್ದರೆಂದು ಆಮೇಲೆ ಅವರ ಕಣ್ಣು ನೋಡಿದಾಗ ತಿಳಿಯಿತು.

ಹೊರಡುವಾಗ ನಾನು ಇಳಕಲ್ ಸೀರೆಯನ್ನು ಆಕೆಯ ಮುಂದೆ ಹಿಡಿದೆ. ಬೇಕಿದ್ದರೆ ಮನೆಗೆ ಒಯ್ಯಲಿ ಎಂದು ನಿರ್ದೇಶಕರು ಮೊದಲೇ ಹೇಳಿದ್ದರು. ಆಕೆ ಅರಿಶಿನದ ಕಲೆಯ ಮೇಲೆ ಒಮ್ಮೆ ಕೈಯಾಡಿಸಿದಳು.

“ಬ್ಯಾಡ್ರಿ. ಮನ್ಯಾಗ ಇದ್ರ ಇದೂ ಒಂದಿನ ಕೌದ್ಯಾಗ ಹೋಗತೈತಿ. ನಿಮ್ಮಲ್ಲೆ ಇರ್ಲಿ.”

ಅದಾದ ಮೇಲೆ ನೀಲವ್ವ ಮ್ಯೂಸಿಯಂಗೆ ಬಂದಿಲ್ಲ. ಕುಡಚಡೆಯಲ್ಲಿರುವ ಮಗ ಬಂದು ಕರೆದೊಯ್ದನೆಂದು ನೆರೆಯವರು ಹೇಳಿದರು. ಇರುವೆ ಹತ್ತಿದ್ದರಿಂದ ಉಡಿಯ ಅಕ್ಕಿ, ಕೊಬ್ಬರಿ ತೆಗೆಯಬೇಕಾಯಿತು, ಖಣವನ್ನು ಮಾತ್ರ ಗಂಟಿನಲ್ಲಿ ಹಾಗೇ ಬಿಟ್ಟೆವು. ರೇಣವ್ವನ ಸೀರೆ ಕತ್ತಲೆಯ ಪೆಟ್ಟಿಗೆಯಲ್ಲಿದೆ. ಮಡಿಕೆಯಲ್ಲಿ ಹರಿಯಬಾರದೆಂದು ಆಗಾಗ ತೆಗೆದು ಬೇರೆ ಮಡಿಕೆ ಹಾಕಿ ಇಡುತ್ತೇನೆ. ಬರುವ ಸಂಕ್ರಾಂತಿಗೆ ಹಸಿರು ಸೀರೆಯನ್ನೂ ಇಳಿಸಬೇಕು. ಅದನ್ನು ನಾನು ಹೇಗೆ ಬಿಚ್ಚಲಿ ಎಂಬ ಯೋಚನೆ ಈಗಿನಿಂದಲೇ ಹತ್ತಿದೆ.

ಈ ಸಲ ಪಂಚಮಿಗೆ ಧಾರವಾಡಕ್ಕೆ ಹೋಗಿದ್ದೆ. ಹೊರಡುವ ದಿನ ಅವ್ವ ಉಡಿ ತುಂಬಲು ಕರೆದಳು. ಹೊರಗೆ ಆಟೋ ಹಾರ್ನ್ ಹೊಡೆಯುತ್ತಿತ್ತು. ನಾನು ಸೆರಗೊಡ್ಡಿ ಸುಮ್ಮನೆ ನಿಂತೆ. “ಯಾಕ, ಈ ಸಲ ಲಗೂ ಮಾಡು ಅನವಲ್ಲಿ?” ಎಂದು ಅವ್ವ ಚೇಷ್ಟೆ ಮಾಡಿದಳು. ಅವಳು ಅಕ್ಕಿಯ ಗಂಟು ಟೊಂಕಕ್ಕೆ ಸಿಗಿಸಿ, ಬೆನ್ನು ಸವರಿ, “ಹೋಗಿ ಬಾ,” ಎನ್ನುವವರೆಗೆ ನಾನು ಹೊಸ್ತಿಲು ದಾಟಲಿಲ್ಲ.