ಮೂವತ್ತೆಂಟು ಅಂಗಡಿ, ಒಂದು ಡೌನ್‌ಲೋಡ್

ಮೇಲ್ನೋಟಕ್ಕೆ ಬೆಲೆ ಕಟ್ಟಿದರೆ, ಚೌಕಾಸಿಗೂ ಯಾರೂ ನಿಲ್ಲದ ಸರಕು: ಸವೆದ ಚಪ್ಪಲಿ, ಹಿಡಿ ಕಿತ್ತ ಚೀಲ, ನಿದ್ದೆಗೆಟ್ಟು ಊದಿದ ಕಣ್ಣು. ಆದರೆ ಪೇಟೆಯ ಮೂವತ್ತೆಂಟು ಅಂಗಡಿಗಳ ದಾಸ್ತಾನು ನಡೆಯುವುದು ಈಕೆ ಬರೆದ ಪ್ರೋಗ್ರಾಂನಿಂದ. ಎಲ್ಲರ ಬಾಯಲ್ಲೂ ಅವಳು ‘ಪೆನ್‌ಡ್ರೈವ್ ಅಕ್ಕ’.

ಅಂಗಡಿಗಳಲ್ಲಿರುವುದು ಓಬೀರಾಯನ ಕಾಲದ ಕಂಪ್ಯೂಟರುಗಳು. ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ಅವಕ್ಕೆ ಜೀವ ತುಂಬಿದವಳೂ ಅವಳೇ. ಅವಳ ಪ್ರೋಗ್ರಾಂ ನಿಂತಿದ್ದದ್ದು ದೂರದ ಕಂಪನಿಯೊಂದರ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನ ಮೇಲೆ. ಅದು ಜಾರಿದರೆ ಇದೂ ಮಕಾಡೆ. ಒಂದು ಬೆಳಿಗ್ಗೆ ಆ ಕಂಪನಿ ಪ್ರಕಟಿಸಿತು: ಇನ್ನು ಲಿನಕ್ಸ್‌ಗೆ ಬೆಂಬಲವಿಲ್ಲ, ಬಳಸುವವರೇ ಇಲ್ಲ.

ದೇಶದೇಶದ ಡೆವಲಪರುಗಳು ಕಂಪನಿಯ ಚರ್ಚಾಪುಟದಲ್ಲಿ ಗೋಗರೆದರು. ಅವಳೂ ಬರೆದಳು. ಉತ್ತರ ಬಂತು: ಪ್ರತಿ ಆವೃತ್ತಿಗೂ ನಿಮ್ಮ ಊರಿನಿಂದ ಆಗಿರುವುದು ಒಂದೇ ಡೌನ್‌ಲೋಡ್.

ಆಗಿದ್ದೂ ಹಾಗೆಯೇ. ಪ್ರತಿ ಸಲವೂ ಫ್ರೇಮ್‌ವರ್ಕನ್ನು ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೊತ್ತವಳು ಅವಳು. ಮೂವತ್ತೆಂಟನ್ನು ಒಂದು ಮಾಡಿದ ಜಾಣತನ.

“ನನ್ನ ಕಾಲ್ಮೇಲೆ ನಾನೇ ಕಲ್ಲು ಹಾಕ್ಕೊಂಡ್ನಲ್ಲೋ!”

“ಪೆನ್‌ಡ್ರೈವ್ ಅಂತ ಹೆಸರಿಟ್ಟಾಗ್ಲೇ ಹುಷಾರಾಗ್ಬೇಕಿತ್ತು ಬಿಡಕ್ಕಾ,” ತಮ್ಮ ಕಿಚಾಯಿಸಿದ.

‘ನಾವು ಬಳಸುತ್ತಿದ್ದೇವೆ’ ಎಂದು ಬಳಸುವವರಿಂದಲೇ ಸೀಲು ಹಾಕಿಸಿದ ಪತ್ರಗಳನ್ನು ತಿಂಗಳೊಳಗೆ ಕಂಪನಿಗೆ ಕಳಿಸುವುದೆಂದು ಡೆವಲಪರುಗಳು ತೀರ್ಮಾನಿಸಿದರು. ಅವಳು ನಡೆದೇ ಹೊರಟಳು. ಮೂವತ್ತೇಳು ಪತ್ರ ಕೈಸೇರಿದವು. ಉಳಿದದ್ದು ಬಣ್ಣದಂಗಡಿ.

“ನಾಳೆ ಬಾಮ್ಮ, ಸೀಲು ಮನೇಲಿದೆ,” ಎಂದ ಅಂಗಡಿಯವನು.

“ಮೊನ್ನೇನೂ ಮನೇಲೇ ಇತ್ತಲ್ಲಣ್ಣಾ. ಮೈ ಹುಷಾರಿಲ್ವಾ ಅದಕ್ಕೆ?”

“ಅಷ್ಟು ದೊಡ್ಡ ಕಂಪ್ನಿ, ನನ್ ಕಾಗದ ಓದುತ್ತಾ?”

“ಓದೋದು ಬೇಡ, ಎಣಿಸಿದ್ರೆ ಸಾಕು.”

ಹಾಗೆಂದವಳು ಬಣ್ಣದ ಡಬ್ಬಿಯ ಮೇಲೆ ಕುಕ್ಕರಿಸಿ, ಕೂತಲ್ಲೇ ತೂಕಡಿಸಿದಳು. ಎಚ್ಚರವಾದ ಮೇಲೆ ಬರಿಗೈಯಲ್ಲಿ ಎದ್ದುಹೋದಳು. ಮೂರನೆಯ ಸಲಕ್ಕೆ ಪತ್ರ ಸಿಕ್ಕಿತು, ಗಡುವಿಗೆ ಒಂದು ದಿನವಿರುವಾಗ.

ಎಲ್ಲ ಊರುಗಳ ಪತ್ರಗಳು ಗುಡ್ಡೆಬಿದ್ದ ಮೇಲೆ ಕಂಪನಿ ಮಣಿಯಿತು. ಇನ್ನೆರಡು ವರ್ಷ ಬೆಂಬಲ.

“ಎರಡೇ ವರ್ಷ,” ಎಂದಳು, ಗೆದ್ದವಳ ದನಿಯಲ್ಲೇನಲ್ಲ. ಪೆನ್‌ಡ್ರೈವನ್ನು ಮನೆಯಲ್ಲೇ ಬಿಟ್ಟು ಮತ್ತೆ ಪೇಟೆ ಸುತ್ತಿದಳು. ಒಂದೊಂದು ಅಂಗಡಿಯಲ್ಲೂ ಬೇರೆಬೇರೆಯಾಗಿ ಡೌನ್‌ಲೋಡ್ ಮಾಡಿಸಿ, ಮುಗಿಯುವವರೆಗೆ ಕಾದು ಕೂತಳು.

ಆ ಬಣ್ಣದಂಗಡಿಯವನು ನಾನೇ. ಸೀಲು ಮೊದಲ ದಿನವೂ ಮೇಜಿನ ಡ್ರಾಯರಿನಲ್ಲೇ ಇತ್ತು. ಅವಳಲ್ಲಿ ನಾನು ಕ್ಷಮೆ ಕೇಳಬೇಕು, ಇನ್ನೂ ಕೇಳಿಲ್ಲ.