ಒಂದು ತಾಸಿನ ಠರಾವು

ನಾಯಿ ಹೆಡ್‌ಫೋನ್ ತಿಂದಿತು, ಅದಕ್ಕೇ ಅದನ್ನು ಖಾನಾಪುರಕ್ಕೆ ಬಿಟ್ಟುಬರಬೇಕಾಯಿತು. ಮನೆಗೆ ಬಂದವರಿಗೆಲ್ಲ ನಮ್ಮಣ್ಣ ಹೇಳುವ ಕತೆ ಇಷ್ಟೇ. ಬಂದವರು ನಗುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ನಿಂತು ನಿಂತು ಒಂದು ಪಾಠ ಕಲಿತಿದ್ದೇನೆ: ಎದುರಾಳಿ ಕತೆಯನ್ನು ಎಲ್ಲಿಂದ ಶುರುಮಾಡುತ್ತಾನೆ ಎಂದು ಮೊದಲು ನೋಡಬೇಕು. ಅಣ್ಣ ನಾಯಿಯ ಹಲ್ಲಿನಿಂದ ಶುರುಮಾಡುತ್ತಾನೆ. ನಾನು ಅವನ ಬೆರಳಿನಿಂದ.

ಅವತ್ತು ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ, ಆಫೀಸಿನ ಆನ್‌ಲೈನ್ ಮೀಟಿಂಗಿನ ಬಿಡುವಿನಲ್ಲಿ, ಅವನು ಅವ್ವ ಮಾಡಿದ ಹಾಲಿನ ಸಿಹಿ, ಕುಂದಾ, ತಿಂದ. ತುಪ್ಪದ ಕೈಯಲ್ಲೇ ಹೆಡ್‌ಫೋನ್ ಬಿಚ್ಚಿ ತಾಟಿನ ಬಾಜೂಕೆ ಇಟ್ಟು ಕೈ ತೊಳೆಯಲು ಎದ್ದ. ವಾಪಸು ಬಂದಾಗ ನಾಯಿ ಅದರ ಕಿವಿಯ ಮೆತ್ತೆ ಅಗಿಯುತ್ತಿತ್ತು. ಮೈಕಿನ ವೈರೂ ತುಂಡಾಗಿ, ಸಾಹೇಬರ ಮುಂದೆ ಅಣ್ಣ ಅರ್ಧ ತಾಸು ಮೂಕನಾದ.

ಸಾಕ್ಷಿ ಏನು ಅಂತೀರಾ? ಅವನೇ ಹಾಕಿದ ಫೋಟೊ. ಆಫೀಸಿನ ಚಾಟ್ ಆ್ಯಪನ್ನು ಅವನು ಮನೆಗೂ ತಂದಿದ್ದ. ‘ಅಡಗಿಮನಿ’, ‘ಬಜಾರ’, ‘ನಾಯಿ’ ಎಂದು ಬೇರೆ ಬೇರೆ ಚಾನೆಲ್ಲು. ಸಾರಿಗೆ ಉಪ್ಪು ಕಡಿಮೆಯಾದರೂ ಅಲ್ಲೇ ಬರೆಯಬೇಕು. ‘ಅವ್ವಾ, ಕುಂದಾ ಮಸ್ತ ಆಗೇತಿ’ ಎಂದು ಕೈ ತೊಳೆಯಲು ಏಳುವ ಮೊದಲು ‘ಅಡಗಿಮನಿ’ಯಲ್ಲಿ ಅವನು ಹಾಕಿದ ಫೋಟೊದಲ್ಲಿ ತಾಟೂ ಇದೆ, ಕುಂದಾ ಮೆತ್ತಿದ ಹೆಡ್‌ಫೋನೂ ಇದೆ.

ನಾಯಿ ಸಂತನೆಂದು ನನ್ನ ವಾದವಲ್ಲ. ಬಾಜೂ ಮನೆಯವರ ಚಪ್ಪಲಿ ಕದ್ದಿದೆ, ಅವ್ವ ಒಣಹಾಕಿದ ಹಪ್ಪಳದ ಮೇಲೆ ನಡೆದಾಡಿದೆ. ಆದರೆ ಶಿಕ್ಷೆ ಆದದ್ದು ಕುಂದಾದ ಪ್ರಕರಣಕ್ಕೆ.

ಅಣ್ಣನ ನಿಯಮ ಒಂದಿತ್ತು. ಚಾನೆಲ್ಲಿನಲ್ಲಿ ಹಾಕಿದ ಠರಾವಿಗೆ ಒಂದು ತಾಸಿನೊಳಗೆ ಯಾರೂ ತಕರಾರು ಬರೆಯದಿದ್ದರೆ ಅದು ಪಾಸು. ಅವ್ವ ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟರೆ ನೋಡುವುದು ಸಂಜೆಗೇ. ಮರುದಿನ ನಾನು ಧಾರವಾಡದಲ್ಲಿ ಸ್ಪರ್ಧೆಗೆ ಹೋದಾಗ ಅವನು ‘ನಾಯಿ’ಯಲ್ಲಿ ಬರೆದ: ‘ನಾಯಿನ್ನ ಖಾನಾಪುರಕ್ಕ ಮಾಮಾನ ಮನಿಗೆ ಬಿಡೂದು.’ ಸಂಜೆ ನಾನು ಬಂದಾಗ ಗೇಟಿನಲ್ಲಿ ಬರೀ ಸರಪಳಿ ಇತ್ತು.

“ನನ್ನ ಕೇಳದ ಹೆಂಗ ಬಿಟ್ಟ ಬಂದಿ?”

“ಕೇಳೇನಲಾ. ತಾಸಿನ್ಯಾಗ ಯಾಕ ಬರೀಲಿಲ್ಲ ನೀ?”

“ವೇದಿಕಿ ಮ್ಯಾಲ ನಿಂತಿದ್ನೆಪಾ!”

“ರೂಲ್ ಅಂದ್ರ ರೂಲ್.”

ನಾನು ಅಳಲಿಲ್ಲ. ಎಂಟು ದಿನ ಕಾದೆ. ಸೋಮವಾರದ ದೊಡ್ಡ ಮೀಟಿಂಗಿಗೆ ಅವನು ಬೇರೆಲ್ಲ ಸಂದೇಶಗಳ ಸದ್ದು ಬಂದ್ ಮಾಡಿ ಕೂರುತ್ತಾನೆ. ಬಾಗಿಲು ಹಾಕಿದ್ದೇ ತಡ, ಠರಾವು ಹಾಕಿದೆ: ನಾಯಿ ವಾಪಸು ಬರುವುದು, ಅಣ್ಣನ ಖೋಲಿಯಲ್ಲೇ ಮಲಗುವುದು, ದಿನಾ ಬೆಳಿಗ್ಗೆ ಅಣ್ಣನೇ ಅದನ್ನು ತಿರುಗಾಡಿಸಿ ತರುವುದು. ಕೆಳಗೆ ಕುಂದಾದ ಫೋಟೊ. ಗಡಿಯಾರ ನೋಡಿ ಸರಿಯಾಗಿ ಒಂದು ತಾಸಿಗೆ ‘ಪಾಸು’ ಎಂದು ಬರೆದೆ.

ಅವನು ಹೊರಗೆ ಬಂದವನೇ ಕೂಗಿದ. “ಇದು ಮೋಸ! ನಾ ಮೀಟಿಂಗ್‌ನ್ಯಾಗ ಇದ್ದೆ!”

“ತಾಸಿನ್ಯಾಗ ಯಾಕ ಬರೀಲಿಲ್ಲ ನೀ?”

ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು, “ನೀ ಮಾಡಿದ ರೂಲು, ನೀನ ನುಂಗಪಾ. ಕುಂದಾದಷ್ಟ ಸಿಹಿ ಐತೇನು?”

ಯಾವ ಸ್ಪರ್ಧೆಯ ಕಪ್ಪೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ರೊಟ್ಟಿ ಎರಡು ಹೆಚ್ಚೇ ತಿಂದೆ.

ಭಾನುವಾರ ಖಾನಾಪುರಕ್ಕೆ ಹೋದೆ. ನಾಯಿ ನನ್ನ ಮೈಮೇಲೆ ಹಾರಿ ಮುಖವೆಲ್ಲ ನೆಕ್ಕಿತು. ಆದರೆ ಮಾಮಾನ ಗಾಡಿಯ ಬಾಗಿಲು ತೆರೆದದ್ದೇ ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತುಬಿಟ್ಟಿತು. ಬಿಸ್ಕೀಟು ತೋರಿಸಿದೆ, ಬೈದೆ, ಎಳೆದೆ. ಜಪ್ಪಯ್ಯ ಅನ್ನಲಿಲ್ಲ.

ಮಾಮಾ ನಕ್ಕ. “ನಿಮ್ಮಣ್ಣಗ ಇಷ್ಟ ತ್ರಾಸ ಕೊಟ್ಟಿಲ್ಲ ನೋಡವಾ. ನಿಮ್ಮ ಮನಿ ಮುಂದ ಗಾಡಿ ಹತ್ತಸೂವಾಗ ಅಂವಾ ಅದರ ಕಿವ್ಯಾಗ ಏನೋ ಹೇಳಿದ್ನಂತ, ತಾನ ಜಿಗದ ಹತ್ತೇತಿ. ಅಂವಾನ ಹೇಳಿದ.” ಆಮೇಲೆ ದನಿ ತಗ್ಗಿಸಿದ. “ಇಲ್ಲಿ ಬಿಟ್ಟ ಹೊಂಟಾಗ ಮಾತ್ರ ಗಾಡಿ ಹಿಂದ ಓಡೇ ಓಡಿತು, ಮಲಪ್ರಭಾ ಬ್ರಿಡ್ಜ್ ತನಕಾ. ನಾನ ಹೋಗಿ ಹಿಡಕೊಂಡ ಬಂದೆ.”

ಕೊನೆಗೆ ಅದನ್ನು ಎತ್ತಿಕೊಂಡೇ ಗಾಡಿಯೊಳಗೆ ಕೂತೆ. ಬೆಳಗಾವಿ ಬರುವವರೆಗೂ ನನ್ನ ತೊಡೆಯ ಮೇಲೆ ನಡುಗುತ್ತಿತ್ತು. ಠರಾವಿನಂತೆ ಈಗ ಅಣ್ಣನ ಖೋಲಿಯಲ್ಲೇ ಮಲಗುತ್ತದೆ. ಬೆಳಿಗ್ಗೆ ಅವನೇ ತಿರುಗಾಡಿಸುತ್ತಾನೆ. ಗೆದ್ದವಳು ನಾನೇ. ಆದರೂ ಬಂದ ದಿನ ‘ನಾಯಿ’ ಚಾನೆಲ್ಲಿನಲ್ಲಿ ಒಂದು ಸಾಲು ಬರೆದೆ. ಅವನು ಓದಿದ್ದಾನೆ, ನನಗೆ ಗೊತ್ತು.

‘ಅಣ್ಣಾ, ಅವತ್ತ ಗಾಡಿ ಹತ್ತಸಾಕ ಅದರ ಕಿವ್ಯಾಗ ಏನಂತ ಹೇಳಿದಿ?’